ಅವ್ವ ಫೋನ್ ಎತ್ತದಿದ್ದಾಗ

ನಾನು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದವನು. ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಒಂಬತ್ತು ವರ್ಷ ಆಯ್ತು. ಹೋದ ವರ್ಷದವರೆಗೂ ಅವ್ವ ಎರಡು ಸಲ ಫೋನ್ ಎತ್ತದಿದ್ದರೆ ಸಾಕು, ನನ್ನ ಕೈಕಾಲು ತಣ್ಣಗಾಗುತ್ತಿದ್ದವು. ಬಿದ್ದಿದ್ದಾಳೆ, ಮನೆಯಲ್ಲಿ ಯಾರೂ ಇಲ್ಲ, ಬಳ್ಳಾರಿಗೆ ಕರೆದೊಯ್ಯೋರೂ ಇಲ್ಲ ಅಂತ ಅರ್ಧ ನಿಮಿಷದಲ್ಲಿ ಮನಸ್ಸು ಎಲ್ಲಿಗೋ ಹೋಗಿಬಿಡುತ್ತಿತ್ತು. ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದೆ. ಆಮೇಲೆ ಪಕ್ಕದ ಮನೆಯವರಿಗೂ.

ಊರಲ್ಲಿ ಹೇಳಿಕೊಂಡರೆ ಎಲ್ಲರೂ ಪ್ರೀತಿಯಿಂದ ಹೇಳೋದು ಒಂದೇ: "ಜಾಸ್ತಿ ಯೋಚನೆ ಮಾಡಬೇಡಪ್ಪ." ಬೇಡ ಅಂದಷ್ಟೂ ಯೋಚನೆ ಜೋರಾಗುತ್ತೆ, ಅಲ್ವಾ?

ಇಲ್ಲಿ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಡಾಕ್ಟರ ಚೀಟಿ ಇಲ್ಲದೆ ನಾವೇ ಹೆಸರು ಕೊಟ್ಟು ಸಿಬಿಟಿಗೆ ಸೇರಬಹುದು. ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಅಂತ ಪೂರ್ತಿ ಹೆಸರು; ನಮ್ಮ ಯೋಚನೆ, ನಡವಳಿಕೆಗಳನ್ನು ಪರೀಕ್ಷಿಸಿ ಬದಲಿಸಿಕೊಳ್ಳೋದನ್ನು ಕಲಿಸುವ ಮಾತಿನ ಚಿಕಿತ್ಸೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಕಟ್ಟಿದ ಪದ್ಧತಿ. ಥೆರಪಿಸ್ಟ್ ಯೋಚಿಸಬೇಡಿ ಅನ್ನಲಿಲ್ಲ, ಯೋಚನೆಯನ್ನು ಬರೆದು ತನ್ನಿ ಅಂದರು. ಇಂಗ್ಲಿಷಿನಲ್ಲಿ ಬರೆದರೆ ಯಾರದೋ ಕಥೆ ಅನ್ನಿಸಿತು. "ಅವ್ವ ಬಿದ್ದಾಳ" ಅಂತ ಬರೆದಾಗಲೇ ಎದೆ ಹೊಡೆದುಕೊಂಡಿದ್ದು.

ಇದನ್ನು ನೂರಕ್ಕೆ ಎಷ್ಟು ನಂಬುತ್ತೀರಿ? ತೊಂಬತ್ತು. ಹಿಂದೆ ಫೋನ್ ಎತ್ತದಿದ್ದಾಗ ನಿಜವಾಗಿ ಏನಾಗಿತ್ತು? ಒಂದೊಂದೇ ನೆನಪು ಮಾಡಿ ಬರೆದೆ. ನಲ್ಲಿ ನೀರು ಬಂದಿತ್ತು. ರೊಟ್ಟಿ ಬಡಿಯುತ್ತಿದ್ದಳು, ಕೈ ಹಿಟ್ಟಾಗಿತ್ತು. ಫೋನ್ ಮನೆಯಲ್ಲೇ ಬಿಟ್ಟು ಗುಡಿಗೆ ಹೋಗಿದ್ದಳು. ಹನ್ನೊಂದು ಸಲದಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ. ತೊಂಬತ್ತು ನಲವತ್ತಕ್ಕೆ ಇಳಿಯಿತು.

ಆಮೇಲೆ ಕಷ್ಟದ ಕೆಲಸ. ಮತ್ತೆ ಫೋನ್ ಮಾಡದೆ ಒಂದು ಗಂಟೆ ಕಾಯಬೇಕು. ಮೊದಲ ದಿನ ಗಡಿಯಾರ ನೋಡುತ್ತಾ ಕೂತೆ. ಐವತ್ತನೇ ನಿಮಿಷಕ್ಕೆ ಅವಳೇ ಮಾಡಿದಳು. ನನ್ನ ಆ ಫೋನುಗಳೇ ಭಯವನ್ನು ಸಾಕುತ್ತಿದ್ದವು ಅಂತ ಆಗ ಗೊತ್ತಾಯಿತು.

ಇದು ಇಂಗ್ಲೆಂಡಿನವರಿಗೆ ಮಾತ್ರ ಒಗ್ಗುವಂಥದ್ದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು ಅದೇ ಬಳ್ಳಾರಿ ಮಾದರಿಯಲ್ಲಿ. ಅಂಥ ಜಿಲ್ಲೆಯಲ್ಲಿ ಮಾತ್ರೆಯ ಜೊತೆ ಒಂದು ನೋಟ್‌ಬುಕ್ಕೂ ಸಿಗಬೇಕು, ನಮ್ಮ ಕಡೆಯ ಕನ್ನಡದಲ್ಲೇ ಕೂತು ಕೇಳುವವರೂ ಸಿಗಬೇಕು ಅಂತ ನನ್ನ ಆಸೆ.

ಲೀಡ್ಸಿನಲ್ಲಿ ಇಲ್ಲದ್ದು ಊರಲ್ಲಿದೆ. ನಾನು ಫೋನ್ ಮಾಡಿದಾಗಲೆಲ್ಲ ಬೇಸರವಿಲ್ಲದೆ ಎದ್ದು ಹೋಗಿ ಅವ್ವನನ್ನು ನೋಡಿ ಬಂದವರು ಆ ಪಕ್ಕದ ಮನೆಯ ಅಕ್ಕ. ಈಗ ಅವರ ಮಗನಿಗೆ ಪರೀಕ್ಷೆಯ ಭಯ, ನಿದ್ದೆಯಿಲ್ಲ. ಮೊನ್ನೆ ಅವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆಸಿದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ ಅಂದೆ.