ಎತ್ತಿಟ್ಟದ್ದೆಲ್ಲ ಉಳಿಯುವುದಿಲ್ಲ

ಹೊರದೇಶದಲ್ಲಿ ನೆಲೆಸಿದ ನಮ್ಮವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ: ಇಲ್ಲಿಯವರು ಬಿಸಾಡುವವರು, ನಾವು ಎತ್ತಿಡುವವರು. ಹೇಳುವ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತದೆ. ಇಲ್ಲಿ ಮನೆ ಅಚ್ಚುಕಟ್ಟು ಮಾಡುವುದೆಂದರೆ ಮೊದಲು ಕಸದ ಚೀಲ ಬಿಡಿಸುವುದು. ನಮ್ಮ ಕಡೆ ಮೊದಲು ಏಣಿ ಹಾಕಿ ಅಟ್ಟಕ್ಕೇರಿಸುವುದು. ನನ್ನ ಮಟ್ಟಿಗೆ ಎರಡೂ ಅರ್ಧ ಕೆಲಸ. ಬಿಸಾಡಿದವರು ಕೆಲವೇ ತಿಂಗಳಲ್ಲಿ ಅದನ್ನೇ ಮತ್ತೆ ಕೊಂಡು ತರುತ್ತಾರೆ. ಎತ್ತಿಟ್ಟವರು, ಇಟ್ಟದ್ದು ಹಾಗೇ ಇರುತ್ತದೆ ಎಂದು ನಂಬಿ ಕೂರುತ್ತಾರೆ. ಈ ಎರಡನೆಯ ತಪ್ಪು ನಮ್ಮದಾದ್ದರಿಂದ ಅದರ ಬಗ್ಗೆಯೇ ಹೆಚ್ಚು ಹೇಳಬೇಕು.

'ಮುಂದೆಂದಾದರೂ ಬೇಕಾಗುತ್ತೆ' ಎಂದು ಇಟ್ಟ ವಸ್ತು ಅಟ್ಟದ ಮೇಲೆಯೇ ಮುದಿಯಾಗುತ್ತಿರುತ್ತದೆ. ಹೊಸದಂತೆಯೇ ಇರುವ ಶೂವನ್ನು ಡಬ್ಬದಲ್ಲಿ ಐದಾರು ವರ್ಷ ಇಟ್ಟು ಒಂದು ದಿನ ಹಾಕಿಕೊಂಡು ಹೊರಟರೆ, ಅಡಿಭಾಗ ಪುಡಿಪುಡಿಯಾಗಿ ಉದುರುವುದುಂಟು. ಆ ಅಡಿಗೆ ಬಳಸುವ ಪಾಲಿಯುರಿಥೇನ್ ಗಾಳಿಯ ತೇವಕ್ಕೇ ನಿಧಾನವಾಗಿ ಒಡೆಯುತ್ತದೆ. ನಡೆದರೂ ಸರಿ, ನಡೆಯದಿದ್ದರೂ ಸರಿ. ಹೆಡ್‌ಫೋನಿನ ಮೆತ್ತೆ, ನಕಲಿ ಚರ್ಮದ ಬ್ಯಾಗು ಸಿಪ್ಪೆ ಸುಲಿಯುವುದೂ ಬಹುಮಟ್ಟಿಗೆ ಇದೇ ಕಾರಣಕ್ಕೆ. ಕಾಗದಪತ್ರಗಳಿಗೆ ಸುತ್ತಿದ ರಬ್ಬರ್ ಬ್ಯಾಂಡ್ ಮೊದಲು ಅಂಟಾಗಿ, ಆಮೇಲೆ ಗಟ್ಟಿಯಾಗಿ ಕಾಗದಕ್ಕೇ ಕಚ್ಚಿಕೊಳ್ಳುತ್ತದೆ; ಅದರ ಬದಲು ಹತ್ತಿಯ ಲಾಡಿ ಕಟ್ಟಬೇಕು. ಬಿಲ್ಲಿಂಗ್ ಯಂತ್ರದ ನುಣುಪು ರಸೀದಿಯಲ್ಲಿ ಶಾಯಿಯೇ ಇರುವುದಿಲ್ಲ, ಶಾಖಕ್ಕೆ ಕಪ್ಪಾಗುವ ಲೇಪ ಮಾತ್ರ. ವಾರಂಟಿ ಮುಗಿಯುವ ಮೊದಲೇ ಅದು ಬಿಳಿ ಹಾಳೆಯಾಗಿರುತ್ತದೆ, ಆದ್ದರಿಂದ ಕೈಗೆ ಬಂದ ದಿನವೇ ಫೋಟೋ ತೆಗೆದುಕೊಳ್ಳುವುದು ಲೇಸು.

ಸೆಲ್ಲು, ಬ್ಯಾಟರಿಗಳದ್ದು ಇನ್ನೂ ಕಷ್ಟ. ಎತ್ತಿಡುವ ಟಾರ್ಚು, ಆಟಿಕೆ, ಗಡಿಯಾರಗಳಿಂದ ಸೆಲ್ ತೆಗೆಯದಿದ್ದರೆ ಅದು ಸೋರಿ, ಒಳಗಿನ ಕ್ಷಾರ ಲೋಹದ ಪಟ್ಟಿಯನ್ನು ತಿಂದುಹಾಕುತ್ತದೆ. ಹಳೆಯ ಫೋನು, ಲ್ಯಾಪ್‌ಟಾಪುಗಳ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಬರಿದು ಮಾಡಿಯೂ ಇಡಬಾರದು. ಶೇ. 40ರಿಂದ 60ರ ನಡುವೆ ಚಾರ್ಜು ಮಾಡಿ, ಸ್ವಿಚ್ ಆಫ್ ಮಾಡಿ, ತಂಪಾದ ಕಡೆ ಇಟ್ಟು, ಆರು ತಿಂಗಳಿಗೊಮ್ಮೆ ನೋಡಬೇಕು. ಬಿಸಿಲಿಗೆ ಕಾಯುವ ಚಾವಣಿಯ ಕೆಳಗಿನ ಅಟ್ಟ ಅದಕ್ಕೆ ಜಾಗವೇ ಅಲ್ಲ. ಉಬ್ಬಿದ್ದು ಕಂಡರೆ ಚುಚ್ಚದೆ, ಒತ್ತದೆ, ಮನೆಯ ಕಸಕ್ಕೂ ಹಾಕದೆ ಇ-ತ್ಯಾಜ್ಯ ಕೇಂದ್ರಕ್ಕೆ ಒಪ್ಪಿಸಬೇಕು.

ಹೀಗಾಗಿ 'ಬೇಕೋ ಬೇಡವೋ' ಎನ್ನುವುದಕ್ಕಿಂತ 'ಇಟ್ಟರೆ ಕೆಡುತ್ತದೋ ಇಲ್ಲವೋ' ಎನ್ನುವ ಪ್ರಶ್ನೆ ಹೆಚ್ಚು ಉಪಯೋಗದ್ದು. ಗಾಜು, ಸ್ಟೀಲು, ಹಿತ್ತಾಳೆ ಕಾಯುತ್ತವೆ. ರಬ್ಬರು, ಸ್ಪಂಜು, ಎಲಾಸ್ಟಿಕ್, ಬ್ಯಾಟರಿ, ಪೇಂಟು, ಅಂಟು ಕಾಯುವುದಿಲ್ಲ. ಕಾಯದ ವಸ್ತುವನ್ನು ಈಗಲೇ ಬಳಸಬೇಕು, ಇಲ್ಲವೆ ಈಗಲೇ ಬೇರೆಯವರಿಗೆ ಕೊಡಬೇಕು. ಐದು ವರ್ಷ ಬಿಟ್ಟು ಕೊಟ್ಟರೆ ಅದು ದಾನವಲ್ಲ, ನಮ್ಮ ಕಸವನ್ನು ಇನ್ನೊಬ್ಬರ ಮನೆಗೆ ಸಾಗಿಸಿದಂತೆ.

ತೇವದ ವಿಷಯದಲ್ಲಿ ಮಾತ್ರ ಎರಡು ಸೀಮೆಗಳ ಬುದ್ಧಿಯನ್ನು ಅದಲುಬದಲು ಮಾಡುವ ಹಾಗಿಲ್ಲ, ಇಲ್ಲಿಗೆ ಬಂದ ನಮ್ಮವರು ಎಡವುವುದೂ ಇಲ್ಲೇ. ಚಳಿದೇಶದ ಮನೆಯಲ್ಲಿ ಕೋಣೆಯ ಬೆಚ್ಚನೆಯ ಗಾಳಿ ಅಡುಗೆಯ, ಸ್ನಾನದ, ಒಳಗೆ ಒಣಹಾಕಿದ ಬಟ್ಟೆಯ ಪಸೆಯನ್ನೆಲ್ಲ ಹೊತ್ತಿರುತ್ತದೆ. ಹೊರಗೋಡೆಗೆ ಅಂಟಿಸಿ ಬೀರು ನಿಲ್ಲಿಸಿದರೆ ಅದರ ಹಿಂದೆ ಗೋಡೆಗೆ ಕೋಣೆಯ ಶಾಖ ತಲುಪುವುದಿಲ್ಲ. ತಣ್ಣಗಿನ ಗೋಡೆಗೆ ಗಾಳಿ ತಾಕಿ, ನೀರು ಬಿಟ್ಟು, ಬೂಷ್ಟು ಹಿಡಿಯುತ್ತದೆ. ಮುಂದೆ ಎಲ್ಲ ಚೊಕ್ಕಟ, ಹಿಂದೆ ಕಪ್ಪು. ಗೋಡೆಯಿಂದ ಕನಿಷ್ಠ 5 ಸೆಂ.ಮೀ. ದೂರ ಇಡುವುದು, ಕಾಲುಗಳಿರುವ ಬೀರು ಆರಿಸುವುದು, ಸಾಧ್ಯವಾದರೆ ಒಳಗೋಡೆಗೆ ಸರಿಸುವುದು, ಇಷ್ಟೇ ಪರಿಹಾರ. ಚಿಕ್ಕದೊಂದು ತೇವಮಾಪಕ ಒಳಗಿಟ್ಟು ನೋಡಿ, ಗಾಳಿಯ ತೇವ ಶೇ. 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ದಾರಿ ಮಾಡಿಕೊಟ್ಟಂತೆ.

ನಮ್ಮ ಮಳೆ ಸೀಮೆಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಹೊರಗಿನ ಗಾಳಿಯೇ ಒದ್ದೆ. ಮಳೆಗಾಲದ ನಡುವೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಬಟ್ಟೆ ತುಂಬಿ ಮುಚ್ಚಳ ಹಾಕಿದರೆ ತೇವವನ್ನೂ ಒಳಗೇ ಕೂಡಿಹಾಕಿದ ಹಾಗೆ. ಮುಚ್ಚುವ ಕೆಲಸ ಒಣಹವೆಯಲ್ಲಿ ಆಗಬೇಕು: ಬಟ್ಟೆ ಬಿಸಿಲಿಗೆ ಹಾಕಿ, ಬಿಸಿ ಆರಿದ ಮೇಲೆ ಮಡಚಿ ಇಡಬೇಕು. ಸಿಲಿಕಾ ಜೆಲ್ ಪೊಟ್ಟಣ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ನೀರು ಹಿಡಿಯುತ್ತದೆ, ಅದೂ ಡಬ್ಬ ಬಿಗಿಯಾಗಿದ್ದರೆ. ಬಾಗಿಲು ಸರಿಯಾಗಿ ಕೂರದ ಬೀರುವಿನಲ್ಲಿ ಅದು ಅರ್ಧ ದಿನಕ್ಕೆ ಸಾಕಾಗಿ ಸುಮ್ಮನಾಗುತ್ತದೆ.

ನುಸಿಗುಳಿಗೆ ಬಗ್ಗೆ ಒಂದು ಅಡ್ಡಮಾತು. ನ್ಯಾಫ್ತಲೀನ್ ಗುಳಿಗೆಯನ್ನೂ ಕರ್ಪೂರವನ್ನೂ ಒಟ್ಟಿಗೆ ಇಡಬೇಡಿ. ಎರಡೂ ಸೇರಿದರೆ ಸೆಖೆಗೇ ಕರಗಿ ನೀರಾಗಿ ಬಟ್ಟೆಯಲ್ಲಿ ಕಲೆ ಬೀಳುತ್ತದೆ. ಕೂಸಿನ ಬಟ್ಟೆಯ ಹತ್ತಿರವಂತೂ ನ್ಯಾಫ್ತಲೀನ್ ಸುಳಿಯಲೇಬಾರದು. ಕೆಲವು ಶಿಶುಗಳಿಗೆ ಅದರ ಆವಿಯಿಂದಲೇ ರಕ್ತಕಣ ಒಡೆಯುವ ಅಪಾಯವಿದೆ.

ಇನ್ನು ಜಾಗದ ಲೆಕ್ಕ. ಹ್ಯಾಂಗರಿನ ಅಗಲಕ್ಕೆ ಬಟ್ಟೆಯ ತೋಳೂ ಸೇರಿ ವಾರ್ಡ್‌ರೋಬು ಸುಮಾರು 60 ಸೆಂ.ಮೀ. ಆಳ ಇರಲೇಬೇಕು. ಮಡಚಿದ ಅಂಗಿಗೆ ಬೇಕಾದದ್ದು 30ರಿಂದ 35 ಮಾತ್ರ. ನಾವು ಆ ಆಳದಲ್ಲೇ ಮಡಚಿದ್ದನ್ನೂ ಒಟ್ಟುತ್ತೇವೆ, ಹಿಂದೊಂದು ಸಾಲು, ಮುಂದೊಂದು ಸಾಲು. ಹಿಂದಿನ ಸಾಲು ಕಣ್ಣಿಗೆ ಬೀಳುವುದು ಮನೆ ಬದಲಿಸುವ ದಿನವೇ. ನಮ್ಮ ಸಜ್ಜದ ಮೇಲಿನ ಕಥೆಯೂ ಇದೇ, ಆಳ ಹೆಚ್ಚು, ಬಾಯಿ ಕಿರಿದು. ಇದಕ್ಕೆ ಇಲ್ಲಿಯವರು ಮಾಡುವ ಉಪಾಯ ನನಗೆ ನಿಜಕ್ಕೂ ಮೆಚ್ಚಿಗೆ: ಹಲಗೆಯ ಆಳದಷ್ಟೇ ಉದ್ದದ ಕಿರಿದಾದ ಪೆಟ್ಟಿಗೆಯನ್ನು ಉದ್ದಕ್ಕೆ ಒಳಗೆ ತಳ್ಳಿ, ಬೇಕಾದಾಗ ಡ್ರಾಯರಿನ ಹಾಗೆ ಪೂರ್ತಿ ಎಳೆಯುತ್ತಾರೆ. ಮುಂಬದಿಗೊಂದು ಹಿಡಿ ಇದ್ದರೆ ಸಾಕು.

ಎತ್ತರದಲ್ಲಿ ಸೊಂಟದಿಂದ ಕಣ್ಣಿನವರೆಗಿನ ಜಾಗವೇ ಚಿನ್ನ. ದಿನಾ ಬಳಸುವುದು ಅಲ್ಲಿ. ಭಾರದ್ದು ಕೆಳಗೆ. ಮೇಲೆ ಇಡುವುದು ಹಗುರವಾದ, ಬಿದ್ದರೂ ಒಡೆಯದ, ವರ್ಷಕ್ಕೊಮ್ಮೆ ಬೇಕಾಗುವ ಹಾಸಿಗೆ ಹೊದಿಕೆಯಂಥವು. ಎತ್ತರದ ಬೀರುವನ್ನು ಗೋಡೆಗೆ ಪಟ್ಟಿ ಹಾಕಿ ಬಿಗಿಯಬೇಕೆಂದು ಇಲ್ಲಿ ಒತ್ತಿ ಹೇಳುತ್ತಾರೆ. ಮಗು ಡ್ರಾಯರುಗಳನ್ನು ಎಳೆದು ಮೆಟ್ಟಿಲು ಮಾಡಿಕೊಂಡರೆ ಇಡೀ ಬೀರು ಮಗುವಿನ ಮೇಲೇ ಮಗುಚುತ್ತದೆ. ನಮ್ಮ ಕಡೆಯೂ ಇದು ಬರಬೇಕು.

ಖಾಲಿ ಮಾಡುವ ಕ್ರಮದಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಮೊದಲೇ ಡಬ್ಬ ಕೊಳ್ಳುವುದು. ಒಂದು ಹಲಗೆ, ಬರೀ ಒಂದು, ಪೂರ್ತಿ ಖಾಲಿ ಮಾಡಿ. ಒರೆಸಿ ಒಣಗಲು ಬಿಡಿ. ಒಂದೇ ಜಾತಿಯದ್ದನ್ನೆಲ್ಲ ಒಂದೆಡೆ ಸೇರಿಸಿದ ಮೇಲೆಯೇ ಏನನ್ನು ಬಿಡಬೇಕೆಂದು ಯೋಚಿಸಿ, ಏಕೆಂದರೆ ಏಳು ಕತ್ತರಿ ಇವೆಯೆಂದು ತಿಳಿಯುವುದು ಏಳೂ ಪಕ್ಕಪಕ್ಕ ಕೂತಾಗಲೇ. ಮನಸ್ಸು ಒಪ್ಪದ್ದನ್ನು ಬೇರೆ ಪೆಟ್ಟಿಗೆಗೆ ಹಾಕಿ ಮೇಲೆ ದಿನಾಂಕ ಬರೆಯಿರಿ. ಅಷ್ಟರಲ್ಲಿ ಬೇಕಾಗದಿದ್ದರೆ ಬಿಟ್ಟುಬಿಡಿ ಎಂದು ಆರು ತಿಂಗಳ ಗಡುವು ಹೇಳುವವರಿದ್ದಾರೆ. ಅದು ಒಂದು ಚಳಿಗಾಲವನ್ನೇ ತಪ್ಪಿಸಿಬಿಡಬಹುದು, ಆದ್ದರಿಂದ ಪೂರ್ತಿ ವರ್ಷ ಕೊಡಿ. ಮನೆಯ ಇನ್ನೊಬ್ಬರ ವಸ್ತುವನ್ನು ಅವರಿಲ್ಲದಾಗ ತೀರ್ಮಾನ ಮಾಡಬೇಡಿ. ಉಳಿದದ್ದನ್ನು ಅಳೆದು ಆಮೇಲೆ ಡಬ್ಬ ತನ್ನಿ, ಐದರಲ್ಲೊಂದು ಪಾಲು ಜಾಗ ಖಾಲಿ ಬಿಡಿ. ಕಿಕ್ಕಿರಿದ ಹಲಗೆಗೆ ವಾಪಸ್ ಇಡಲು ಯಾರಿಗೂ ಮನಸ್ಸು ಬರುವುದಿಲ್ಲ, ವಸ್ತು ಮೇಜಿನ ಮೇಲೇ ಉಳಿಯುತ್ತದೆ.

40×30×30 ಸೆಂ.ಮೀ. ಪೆಟ್ಟಿಗೆ ತುಂಬ ಪುಸ್ತಕ ತುಂಬಿದರೆ 20 ಕೆ.ಜಿ. ದಾಟುತ್ತದೆ, ಸೊಂಟ ಹಿಡಿಯುತ್ತದೆ. ಪುಸ್ತಕಕ್ಕೆ ಚಿಕ್ಕ ಪೆಟ್ಟಿಗೆ, ಹೊದಿಕೆಗೆ ದೊಡ್ಡದು. ಒಳಗಿನ ಗಾಳಿಯನ್ನು ಹೀರಿ ತೆಗೆದು ಮುಚ್ಚುವ ಚೀಲ ಗಾತ್ರ ಕಡಿಮೆ ಮಾಡುತ್ತದೆ, ತೂಕವನ್ನಲ್ಲ; ಗರಿ ತುಂಬಿದ ರಜಾಯಿ ಅದರಲ್ಲಿ ವರ್ಷಗಟ್ಟಲೆ ಕುಗ್ಗಿ ಕೂತರೆ ಮತ್ತೆ ಮೊದಲಿನಂತೆ ಉಬ್ಬದಿರಬಹುದು. ಹೆಸರಿನ ಚೀಟಿ ಮುಚ್ಚಳದ ಮೇಲಲ್ಲ, ಬದಿಗೆ ಅಂಟಿಸಬೇಕು, ಮೇಲೆ ಇನ್ನೊಂದು ಪೆಟ್ಟಿಗೆ ಬಂದರೂ ಓದಲು ಸಿಗಲಿ. 'ಇತರೆ' ಎಂದು ಮಾತ್ರ ಬರೆಯಬೇಡಿ. ಅದು ಅಟ್ಟದೊಳಗೆ ಇನ್ನೊಂದು ಅಟ್ಟ.

ಬಿಚ್ಚಿಟ್ಟ ಮಂಚ, ಮೇಜುಗಳ ಸ್ಕ್ರೂ, ಬೋಲ್ಟು, ತಿರುಪುವ ಕೀಲಿಗಳನ್ನು 'ಭದ್ರವಾಗಿರಲಿ' ಎಂದು ಬೇರೆ ಡಬ್ಬದಲ್ಲಿಡುವುದು ನಮ್ಮ ಅಭ್ಯಾಸ. ಅದರ ಬದಲು ಎಣಿಸಿ ಚೀಲಕ್ಕೆ ಹಾಕಿ, ಎಷ್ಟಿವೆಯೆಂದು ಅದರ ಮೇಲೇ ಬರೆದು, ಚೀಲವನ್ನು ಆ ಮಂಚದ ಚೌಕಟ್ಟಿಗೇ ಕಟ್ಟಿ. ಟೇಪು ಹಚ್ಚಬೇಡಿ, ಬೇಸಿಗೆಯಲ್ಲಿ ಅಂಟು ಬಿಟ್ಟು ಚೀಲ ಬೀಳುತ್ತದೆ, ಮರದ ಮೇಲೆ ಕಲೆಯೂ ಉಳಿಯುತ್ತದೆ, ದಾರ ಸಾಕು.