ದುಡ್ಡು ಮಾತ್ರ ನೆನೆಯಲಿಲ್ಲ

2025ರ ಅಕ್ಟೋಬರ್‌ನಲ್ಲಿ ಹಾಲೋಂಗ್ ಚಂಡಮಾರುತದ ಬಾಲ ಅಲಾಸ್ಕದ ಪಶ್ಚಿಮ ಕರಾವಳಿಗೆ ಬಡಿಯಿತು. ಕಿಪ್‌ನಕ್ ಎಂಬ ಹಳ್ಳಿಯಲ್ಲಿ ಮನೆಗಳು ಬುಡಸಮೇತ ಕಿತ್ತು ತೇಲಿಹೋದವು. ಅಲ್ಲಿ ಇದ್ದವರು ಅಲಾಸ್ಕದ ಮೂಲನಿವಾಸಿಗಳಾದ ಯೂಪಿಕ್ ಜನ, ಎಲ್ಲ ಸೇರಿ 700ರ ಆಸುಪಾಸು. ಮಿಲಿಟರಿ ವಿಮಾನ ಬಂದು ಅವರನ್ನು ದೂರದ ಆಂಕರೇಜ್‌ಗೆ ಸಾಗಿಸಿತು.

ಇಷ್ಟೆಲ್ಲದರ ನಡುವೆ ಒಂದು ಸಂತೋಷದ ಸುದ್ದಿಯೂ ಇದೆ. 2 ಕೋಟಿ ಡಾಲರ್ ಒಂದು ಹನಿ ನೀರೂ ತಾಗದೆ ಪಾರಾಗಿದೆ.

ಈ ದುಡ್ಡು ಕಿಪ್‌ನಕ್‌ನದ್ದೇ. ನದಿ ದಡ ಕುಸಿಯದಂತೆ ಭದ್ರ ಮಾಡಿಕೊಳ್ಳಿ ಅಂತ ಬೈಡನ್ ಕಾಲದಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಮಂಜೂರು ಮಾಡಿತ್ತು. ಟ್ರಂಪ್ ಬಂದ ಮೇಲೆ 2025ರ ಮೇ ತಿಂಗಳಲ್ಲಿ ಅದೇ ಇಪಿಎ ರದ್ದು ಮಾಡಿತು. ಐದು ತಿಂಗಳಿಗೆ ಪ್ರವಾಹ ಬಂತು. ಏನ್ರೀ ಇದು ಅಂತ ಜನ ಕೇಳಿದಾಗ ಇಪಿಎ ಕಡೆಯಿಂದ ಬಂದ ಉತ್ತರ ಏನು ಗೊತ್ತಾ? ನಾವು ಮುಂಚೆಯೇ ರದ್ದು ಮಾಡಿದ್ದಕ್ಕೆ ತೆರಿಗೆದಾರರ ದುಡ್ಡು ಖಜಾನೆಯಲ್ಲಿದೆ, ಇಲ್ಲದಿದ್ದರೆ ಕುಸ್ಕೊಕ್ವಿಮ್ ನದಿಯಲ್ಲಿ ಕೊಚ್ಚಿಹೋಗುತ್ತಿತ್ತು ಅಂತ.

ಎಂಥ ದೂರದೃಷ್ಟಿ! ಮನೆಗಳಿಗೂ ಇಷ್ಟೇ ಮುತುವರ್ಜಿಯಿಂದ ಮುಂಗಡ ರದ್ದತಿ ಪತ್ರ ಕಳಿಸಿದ್ದರೆ ಅವೂ ಉಳಿಯುತ್ತಿದ್ದವೇನೋ. ಅಂದಹಾಗೆ ಕಿಪ್‌ನಕ್ ಇರುವುದು ಕುಸ್ಕೊಕ್ವಿಮ್ ದಡದಲ್ಲಿ ಅಲ್ಲ, ಕುಗ್‌ಕಾಕ್ಟ್ಲಿಕ್ ಎಂಬ ಬೇರೆ ನದಿಯ ಪಕ್ಕ. ಇರಲಿ ಬಿಡಿ. ಉಳಿಸಿದ ದುಡ್ಡಿನ ಲೆಕ್ಕ ಸರಿಯಾಗಿದ್ದರೆ ಸಾಕು, ನದಿ ಯಾವುದಾದರೇನು?

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆ ಅನುದಾನ ಇದ್ದಿದ್ದರೂ ಈ ಪ್ರವಾಹ ತಡೆಯಲು ಆಗುತ್ತಿರಲಿಲ್ಲ ಅಂತಲೂ ಇಪಿಎ ಹೇಳಿದೆ. ಅದು ನಿಜವೇ. ವರ್ಷಗಟ್ಟಲೆ ಹಿಡಿಯುವ ಕೆಲಸ ಐದು ತಿಂಗಳಲ್ಲಿ ಮುಗಿಯುತ್ತಿರಲಿಲ್ಲ. ಆದರೆ ಈ ಅಕ್ಟೋಬರ್‌ಗೆ ಆಗಲ್ಲ ಅಂತ ಮೇ ತಿಂಗಳಲ್ಲೇ ನಿಲ್ಲಿಸಿಬಿಟ್ಟರೆ ಅದು ಯಾವ ಅಕ್ಟೋಬರ್‌ಗೂ ಆಗಲ್ಲ, ಅಲ್ವಾ?

ಹಾಗಂತ ಹಿಂದಿನವರು ಕೊಟ್ಟ ರೀತಿಯೇನೂ ಕಡಿಮೆ ತಮಾಷೆಯದಲ್ಲ. 2022ರ ಹಣದುಬ್ಬರ ತಗ್ಗಿಸುವ ಕಾನೂನಿನಲ್ಲಿ ಪರಿಸರ ನ್ಯಾಯಕ್ಕೆಂದು 300 ಕೋಟಿ ಡಾಲರ್ ಎತ್ತಿಟ್ಟರು. ಹೊಗೆ, ಸೀಸ, ಕೊಳಚೆಯ ಮಧ್ಯೆ ಬದುಕುವ ಬಡ ಬಡಾವಣೆಗಳಿಗೆ ನೇರವಾಗಿ ತಲುಪಲಿ ಅಂತ. ನೇರವಾಗಿ ಅಂದರೆ ಹೇಗೆ? ಮೊದಲು ಸ್ಯಾಮ್ ಡಾಟ್ ಗವ್ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ನೋಂದಣಿ. ಅಲ್ಲಿ ಹನ್ನೆರಡು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ. ಆಮೇಲೆ ಅರ್ಜಿ ಹಾಕಲು ಇನ್ನೊಂದು ವೆಬ್‌ಸೈಟು, ಗ್ರಾಂಟ್ಸ್ ಡಾಟ್ ಗವ್. ಅಲ್ಲಿ ಎಸ್‌ಎಫ್-424 ಫಾರ್ಮ್. ಅದರ ಜೊತೆ ಎಸ್‌ಎಫ್-424ಎ, ಯಾಕಂದರೆ ಒಂದೇ ಫಾರ್ಮ್ ಪಾಪ ಒಂಟಿಯಾಗಿಬಿಡುತ್ತೆ. ಆಮೇಲೆ ಯೋಜನೆಯ ವಿವರಣೆ, ಬಜೆಟ್ ವಿವರಣೆ, ಫಲಿತಾಂಶ ಅಳೆಯುವುದು ಹೇಗೆ ಅನ್ನುವ ವಿವರಣೆ.

ಮಗುವಿನ ಆಸ್ತಮಾಕ್ಕೆ ಇನ್‌ಹೇಲರ್ ಹುಡುಕುತ್ತಿರುವ ತಾಯಿ ಇದನ್ನೆಲ್ಲ ತುಂಬಲು ಆಗುತ್ತಾ? ಆಗಲ್ಲ ಅಂತ ಸರ್ಕಾರಕ್ಕೂ ಅರಿವಾಯಿತು. ಅದಕ್ಕೆ ಫಾರ್ಮ್ ಕಡಿಮೆ ಮಾಡಬಹುದಿತ್ತು. ಮಾಡಲಿಲ್ಲ. ಬದಲಿಗೆ 2023ರಲ್ಲಿ 17.7 ಕೋಟಿ ಡಾಲರ್ ಖರ್ಚಿನಲ್ಲಿ 17 ನೆರವು ಕೇಂದ್ರಗಳನ್ನು ಘೋಷಿಸಿದರು. ಅರ್ಜಿ ಹಾಕುವುದು ಹೇಗೆ, ಬಂದ ದುಡ್ಡು ನಿಭಾಯಿಸುವುದು ಹೇಗೆ ಅಂತ ಹೇಳಿಕೊಡಲು. ದುಡ್ಡು ಕೊಡುವುದಕ್ಕೆ ಮುಂಚೆ ದುಡ್ಡು ಕೇಳುವುದನ್ನು ಕಲಿಸಲು ದುಡ್ಡು. ಸಣ್ಣ ಸಣ್ಣ ಅನುದಾನಗಳನ್ನು ತಾನೇ ಹಂಚುವುದು ಕಷ್ಟ ಅಂತ ಇಪಿಎ ಇನ್ನೊಂದು 60 ಕೋಟಿ ಡಾಲರನ್ನು ಹಂಚುವವರಿಗೆ ಹಂಚಿತು. ಅವರು ಮುಂದಕ್ಕೆ ಹಂಚಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರೆ. ಇಲ್ಲಿ ಪೂಜಾರಿಗಳು ಒಳ್ಳೆಯವರೇ, ಸಂಖ್ಯೆ ಮಾತ್ರ ಜಾಸ್ತಿ.

ಇನ್ನು ಬಡ ಬಡಾವಣೆ ಯಾವುದು ಅಂತ ನಿರ್ಧರಿಸಬೇಕಲ್ಲ. ಅದಕ್ಕೊಂದು ನಕ್ಷೆ ಮಾಡಿದರು. ಆದಾಯ, ಆಸ್ತಮಾ, ಡೀಸೆಲ್ ಹೊಗೆ, ಸೀಸದ ಬಣ್ಣ, ಪ್ರವಾಹದ ಅಪಾಯ, ಎಲ್ಲ ಅದರಲ್ಲಿತ್ತು. ಒಂದನ್ನು ಮಾತ್ರ ಬೇಕೆಂದೇ ಬಿಟ್ಟರು: ಜನಾಂಗ. ಕೋರ್ಟಿನಲ್ಲಿ ಯಾರಾದರೂ ಕೇಸ್ ಹಾಕಿಯಾರು ಎಂಬ ಭಯ. ಕಪ್ಪು ಜನರ ಬಡಾವಣೆಗಳ ಪಕ್ಕವೇ ವಿಷದ ಕಸ ಯಾಕೆ ಸುರಿಯುತ್ತಾರೆ ಅಂತ 1982ರಲ್ಲಿ ನಾರ್ತ್ ಕ್ಯಾರೊಲಿನಾದ ವಾರನ್ ಕೌಂಟಿಯಲ್ಲಿ ಲಾರಿಗಳ ಮುಂದೆ ಮಲಗಿ ಪ್ರತಿಭಟಿಸಿದ ಜನರಿಂದ ಬೆಳೆದ ಚಳವಳಿ ಇದು. ಅದರ ನಕ್ಷೆಯಲ್ಲಿ ಜನಾಂಗವೇ ಇಲ್ಲ.

ಇಷ್ಟು ಹೆದರಿದ್ದರಿಂದ ಆದ ಲಾಭ? 2025ರ ಜನವರಿಯಲ್ಲಿ ನಕ್ಷೆ ಸರ್ಕಾರಿ ವೆಬ್‌ಸೈಟಿನಿಂದ ಮಾಯವಾಯಿತು. ಕ್ಲಿಂಟನ್ 1994ರಲ್ಲಿ ಹೊರಡಿಸಿದ್ದ ಪರಿಸರ ನ್ಯಾಯದ ಆದೇಶವೂ ರದ್ದಾಯಿತು. ಅನುದಾನಗಳಿಗೆಲ್ಲ ಡಿಇಐ ಎಂಬ ಹಣೆಪಟ್ಟಿ ಬಿತ್ತು. ವೈವಿಧ್ಯ, ಸಮತೆ, ಒಳಗೊಳ್ಳುವಿಕೆ ಎಂಬ ಮೂರು ಮಹಾಪಾಪಗಳು. ಜನಾಂಗವನ್ನು ಲೆಕ್ಕಕ್ಕೇ ಹಿಡಿಯದವರು ಜನಾಂಗದ ಲೆಕ್ಕ ಹಿಡಿದ ಆರೋಪ ಹೊತ್ತು ಮನೆಗೆ ಹೋದರು.

ಅಲಬಾಮದ ಲೌಂಡ್ಸ್ ಕೌಂಟಿಯ ಕಥೆ ಕೇಳಿ. ಅಲ್ಲಿನದು ಜಿಗುಟು ಜೇಡಿಮಣ್ಣು, ನೀರು ಇಂಗಲ್ಲ. ಮಾಮೂಲಿ ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡಲ್ಲ, ಆ ಮಣ್ಣಿಗೆ ಹೊಂದುವ ದುಬಾರಿ ವ್ಯವಸ್ಥೆ ಬಡವರ ಕೈಗೆ ಎಟುಕಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಟಾಯ್ಲೆಟ್‌ನಿಂದ ಒಂದು ಪ್ಲಾಸ್ಟಿಕ್ ಪೈಪು ನೇರ ಹಿತ್ತಲಿಗೆ. ಜೋರು ಮಳೆ ಬಂದರೆ ಹೋಗಿದ್ದೆಲ್ಲ ಬಚ್ಚಲು, ಸಿಂಕ್‌ಗಳ ಮೂಲಕ ಮನೆಯೊಳಗೆ ವಾಪಸ್. ಸಾಲದ್ದಕ್ಕೆ, ಸರಿಯಾದ ವ್ಯವಸ್ಥೆ ಇಲ್ಲ ಅಂತ ಆ ಮನೆಯವರ ಮೇಲೇ ದಂಡ, ಕೇಸಿನ ಬೆದರಿಕೆ. ಕೇಂದ್ರದ ನ್ಯಾಯ ಇಲಾಖೆ ತನಿಖೆ ಮಾಡಿ 2023ರ ಮೇನಲ್ಲಿ ರಾಜ್ಯದ ಆರೋಗ್ಯ ಇಲಾಖೆಯ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಅದು ಅನುದಾನವೂ ಅಲ್ಲ, ಬರೀ ಒಪ್ಪಂದ. 2025ರ ಏಪ್ರಿಲ್‌ನಲ್ಲಿ ಅದನ್ನೂ ಕೊನೆಗಾಣಿಸಿದರು. ಕಾರಣ? ಕಾನೂನುಬಾಹಿರ ಡಿಇಐ.

ನಾನು ತುಂಬಾ ಯೋಚನೆ ಮಾಡಿದೆ. ಆ ಮೂರರಲ್ಲಿ ಇದು ಯಾವುದಕ್ಕೆ ಸೇರುತ್ತೆ ಅಂತ. ಟಾಯ್ಲೆಟ್ ನೀರು ಮನೆಯೊಳಗೇ ಬರುತ್ತೆ ಅಂದಮೇಲೆ ಒಳಗೊಳ್ಳುವಿಕೆಗೇ ಇರಬೇಕು.

ಕೋರ್ಟುಗಳಿಗೂ ಹೋಗಿದ್ದಾಯಿತು. 2025ರ ಜೂನ್‌ನಲ್ಲಿ ಮೇರಿಲ್ಯಾಂಡಿನ ನ್ಯಾಯಾಧೀಶರು ಹಂಚುವವರಿಗೆ ಹಂಚಿದ್ದ ಆ 60 ಕೋಟಿ ಡಾಲರಿನ ಕಾರ್ಯಕ್ರಮವನ್ನು ಇಪಿಎ ನಿಲ್ಲಿಸಿದ್ದು ಕಾನೂನಿಗೆ ವಿರುದ್ಧ ಅಂದರು. ಆಗಸ್ಟ್‌ನಲ್ಲಿ ವಾಷಿಂಗ್ಟನ್ ಡಿಸಿಯ ನ್ಯಾಯಾಧೀಶರು ರದ್ದಾದ ಅನುದಾನಗಳವರ ಸಾಮೂಹಿಕ ಮೊಕದ್ದಮೆಯನ್ನೇ ವಜಾ ಮಾಡಿದರು. ಊರಿನವರು ಯಾವ ತೀರ್ಪನ್ನು ಪೈಪಿಗೆ ಸಿಕ್ಕಿಸಬೇಕು ಅಂತ ನೋಡುತ್ತಿದ್ದಾರೆ.

ಈ ಇಡೀ ವ್ಯವಹಾರದಲ್ಲಿ ನನಗೆ ಅತಿ ಇಷ್ಟವಾದದ್ದು ಅನುದಾನ ರದ್ದಾದ ಮೇಲಿನ ನಿಯಮ. ನಿಮ್ಮ ಕೆಲಸ ಸಂಸ್ಥೆಯ ಈಗಿನ ಆದ್ಯತೆಗೆ ಹೊಂದುವುದಿಲ್ಲ ಅಂತ ಪತ್ರ ಬಂತು, ದುಡ್ಡು ನಿಂತಿತು, ಕೆಲಸಗಾರರನ್ನು ಕಳಿಸಿದ್ದಾಯಿತು. ಆದರೂ 120 ದಿನದೊಳಗೆ ಅಂತಿಮ ವರದಿ ಕೊಡಬೇಕು. ಏನು ಸಾಧಿಸಿದಿರಿ, ಎಷ್ಟು ಖರ್ಚಾಯಿತು, ಎಲ್ಲ. ವರ್ಷ ಕಳೆದರೂ ಕೊಡದಿದ್ದರೆ ಅದು ಸ್ಯಾಮ್ ಡಾಟ್ ಗವ್‌ನಲ್ಲಿ ನಿಮ್ಮ ಹೆಸರಿನ ಮುಂದೆ ದಾಖಲಾಗುತ್ತೆ, ಮುಂದಿನ ಅನುದಾನ ಕೇಳುವಾಗ ನೋಡಲಿ ಅಂತ. ಆ ಮುಂದಿನ ಅನುದಾನದ ಚಿಂತೆ ಬೇಡ. 300 ಕೋಟಿಯಲ್ಲಿ ಯಾರಿಗೂ ಹಂಚದೆ ಉಳಿದಿದ್ದನ್ನು ವಾಪಸ್ ಪಡೆಯುವ ಕಾನೂನಿಗೆ 2025ರ ಜುಲೈ 4ರಂದೇ ಸಹಿ ಬಿದ್ದಿದೆ. ವರದಿ ಮಾತ್ರ ಮರೆಯದೆ ಕಳಿಸಿ.