ಕೆಲಸ ಕೊಟ್ಟ ಗಣಿಗಳು?

ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ‘ಏನೇ ಆಗಲಿ, ಲಕ್ಷಾಂತರ ಜನರಿಗೆ ಕೆಲಸ ಕೊಟ್ಟವಲ್ಲ’ ಎನ್ನುತ್ತಾರೆ. ನಾನಿದನ್ನು ಒಪ್ಪುವುದಿಲ್ಲ. ಆ ಕಾರ್ಮಿಕರಲ್ಲಿ ಹೆಚ್ಚಿನವರು ಹೊಲ, ದನಕರು ಇದ್ದ ಮನೆಗಳವರು. ಅವರನ್ನು ನೆಲದಡಿಗೆ ತಳ್ಳಿದ್ದು ಕಾನೂನು.

1886ರಲ್ಲಿ ಇಂದಿನ ಜೊಹಾನ್ಸ್‌ಬರ್ಗ್ ಸುತ್ತಲಿನ ವಿಟ್‌ವಾಟರ್ಸ್‌ರ‍್ಯಾಂಡ್‌ನಲ್ಲಿ ಚಿನ್ನ ಸಿಕ್ಕಿತು. ಅದಿರು ಹೇರಳ, ಅದರಲ್ಲಿ ಚಿನ್ನ ಅತ್ಯಲ್ಪ, ಅದೂ ಪಾತಾಳದಲ್ಲಿ. ಚಿನ್ನದ ಬೆಲೆಯೋ ನಿಗದಿಯಾಗಿತ್ತು. ಲಾಭ ಬೇಕಾದರೆ ಕೂಲಿಯನ್ನೇ ಹಿಂಡಬೇಕು. ಹಾಗಾಗಿ ಆಳುವವರು ಗುಡಿಸಲು ತೆರಿಗೆಯನ್ನು ನಗದಾಗಿಯೇ ಕಟ್ಟಿಸಿಕೊಂಡರು; ನಗದು ಬೇಕೆಂದರೆ ಕೂಲಿಗೆ ಹೋಗಬೇಕು. 1894ರ ಗ್ಲೆನ್ ಗ್ರೇ ಕಾಯ್ದೆಯಲ್ಲಿ ಕೇಪ್ ವಸಾಹತಿನ ಪ್ರಧಾನಿ ಸೆಸಿಲ್ ರೋಡ್ಸ್, ಊರಾಚೆ ದುಡಿಯಲು ಹೋಗದ ಗಂಡಸರ ಮೇಲೆ 10 ಶಿಲ್ಲಿಂಗ್ ತೆರಿಗೆ ಹೇರಿದ. (ಅದು ಸರಿಯಾಗಿ ವಸೂಲಾಗಲಿಲ್ಲ, ಆದರೆ ಉದ್ದೇಶವನ್ನು ಯಾರೂ ಮುಚ್ಚಿಡಲೂ ಇಲ್ಲ.) 1913ರ ಭೂಕಾಯ್ದೆ ಬಹುಸಂಖ್ಯಾತ ಕಪ್ಪು ಜನರಿಗೆ ಉಳಿಸಿದ್ದು ಶೇ 7ರಷ್ಟು ನೆಲ. ಕೂಲಿಗಾಗಿ ತಮ್ಮತಮ್ಮಲ್ಲೇ ಪೈಪೋಟಿ ನಡೆಯದಂತೆ ಗಣಿ ಕಂಪನಿಗಳು ಒಟ್ಟಾಗಿ ನೇಮಕಾತಿ ಸಂಸ್ಥೆಗಳನ್ನು ಕಟ್ಟಿಕೊಂಡವು. ಮೊಜಾಂಬಿಕ್‌ನಿಂದ ಬಂದವನು ಯಾವ ಗಣಿಗಿಳಿದರೂ ಕೂಲಿ ಅಷ್ಟೇ.

ವಾಸ ಕಂಪನಿಯ ಕಾವಲಿದ್ದ ವಸತಿ ಆವರಣಗಳಲ್ಲಿ, ಅಂದರೆ ಕಾಂಪೌಂಡ್‌ಗಳಲ್ಲಿ. ಒಂದೊಂದು ಕೋಣೆಯಲ್ಲಿ ಹತ್ತಾರು ಗಂಡಸರು, ಮಲಗಲು ಒಂದರ ಮೇಲೊಂದು ಕಾಂಕ್ರೀಟ್ ಅಟ್ಟಣೆ. ಹೆಂಡತಿ ಮಕ್ಕಳಿಗೆ ಅಲ್ಲಿ ಜಾಗವಿಲ್ಲ. ಕುಟುಂಬ ಊರಿನಲ್ಲಿ ಬೇಸಾಯ ಮಾಡಿಕೊಂಡಿದೆ ಎಂಬ ನೆಪದಲ್ಲಿ ಒಂಟಿ ಗಂಡಸಿನ ಹೊಟ್ಟೆಗೆ ಸಾಲುವಷ್ಟೇ ಸಂಬಳ. ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಇಲ್ಲಿ. ಮಕ್ಕಳನ್ನು ಸಾಕಿದವರು, ಕೆಮ್ಮುತ್ತಾ ಮರಳಿದವನನ್ನು ನೋಡಿಕೊಂಡವರು ಊರಿನ ಹೆಂಗಸರು. ಆ ಖರ್ಚು ಯಾವ ಕಂಪನಿಯ ಲೆಕ್ಕಪುಸ್ತಕಕ್ಕೂ ಸೇರಲಿಲ್ಲ.

1946ರ ಆಗಸ್ಟ್‌ನಲ್ಲಿ ಜೆ.ಬಿ. ಮಾರ್ಕ್ಸ್ ಅಧ್ಯಕ್ಷರಾಗಿದ್ದ ಕಪ್ಪು ಗಣಿಕಾರ್ಮಿಕರ ಸಂಘ ದಿನಕ್ಕೆ 10 ಶಿಲ್ಲಿಂಗ್ ಕೂಲಿ ಕೇಳಿತು. 60 ಸಾವಿರಕ್ಕೂ ಹೆಚ್ಚು ಜನ ಕೆಲಸ ನಿಲ್ಲಿಸಿದರು. ಪೊಲೀಸರು ಬಡಿದು, ಗುಂಡು ಹಾರಿಸಿ, ಅವರನ್ನು ಮತ್ತೆ ಗಣಿಗಿಳಿಸಿದರು. ಕನಿಷ್ಠ 9 ಮಂದಿ ಸತ್ತರು. 1969ರಲ್ಲಿ ಕಪ್ಪು ಗಣಿಕಾರ್ಮಿಕರ ನಿಜಕೂಲಿ (ಬೆಲೆಯೇರಿಕೆ ಕಳೆದು ನೋಡಿದ ಕೂಲಿ) 1911ರಲ್ಲಿದ್ದುದಕ್ಕಿಂತ ಹೆಚ್ಚಿರಲಿಲ್ಲ. ಅರ್ಧ ಶತಮಾನಕ್ಕೂ ಮಿಕ್ಕಿದ ದುಡಿಮೆಗೆ ಸಿಕ್ಕಿದ್ದು ಇದು! ಇದನ್ನು ‘ಕೆಲಸ ಕೊಟ್ಟರು’ ಎಂದು ಉಪಕಾರದ ದನಿಯಲ್ಲಿ ಹೇಗೆ ಹೇಳುವುದು?

ಬಂಡೆ ಕೊರೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತರೆ ವಾಸಿಯಾಗುವುದಿಲ್ಲ. ಕ್ಷಯವೂ ಬೆನ್ನು ಹತ್ತುತ್ತದೆ. ಕೋಲಾರದ ಚಿನ್ನದ ಗಣಿಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಸಂತ್ರಸ್ತರು ಕೋರ್ಟಿನ ಮೆಟ್ಟಿಲೇರಿದ ಮೇಲೆ 2018ರಲ್ಲಿ ಕಂಪನಿಗಳು ಸುಮಾರು 5 ಬಿಲಿಯನ್ ರ‍್ಯಾಂಡ್ ಪರಿಹಾರಕ್ಕೆ ಒಪ್ಪಿದವು, ಮರುವರ್ಷ ನ್ಯಾಯಾಲಯ ಅದಕ್ಕೆ ಮುದ್ರೆ ಒತ್ತಿತು. ಅದು ದೊಡ್ಡ ಗೆಲುವು, ನಿಜ. ಆದರೆ ಅರ್ಹರಾಗಲು 1965ರ ಮಾರ್ಚ್ 12ರ ನಂತರ ಗಣಿಯಲ್ಲಿ ದುಡಿದಿರಬೇಕು. 1946ರಲ್ಲಿ ಬೀದಿಗಿಳಿದು, ಆ ದಿನಾಂಕಕ್ಕೆ ಮೊದಲೇ ಗಣಿ ಬಿಟ್ಟು ಹೋದವರ ಮನೆಗಳಿಗೆ ಅದರಲ್ಲಿ ಒಂದು ಕಾಸೂ ಇಲ್ಲ.